ಗೆರೆಗೂ ಒಂದು ಸರದಿ: ಚೀನೀ ಅಕ್ಷರ ಬರೆಯಲು ಕಲಿತ 11 ತಿಂಗಳು

ಬೆಂಗಳೂರಿನಿಂದ ವರ್ಗವಾಗಿ ಚೀನಾದ ಸುಝೌ ನಗರದ ಬಿಡಿಭಾಗಗಳ ಕಾರ್ಖಾನೆಯೊಂದರ ಗುಣಮಟ್ಟ ತಪಾಸಣೆಯ ವಿಭಾಗಕ್ಕೆ ಬಂದಾಗ ನನಗೆ ಸುಮಾರು 300 ಚೀನೀ ಅಕ್ಷರಗಳು ಗೊತ್ತಿದ್ದವು; ಗೊತ್ತಿವೆ ಎಂದು ನಾನು ನಂಬಿದ್ದೆ ಎನ್ನುವುದು ಹೆಚ್ಚು ಸರಿ. ಪದದ ಉಚ್ಚಾರಣೆಯನ್ನು ರೋಮನ್ ಲಿಪಿಯ ಪಿನ್‌ಯಿನ್‌ನಲ್ಲಿ ಮೊಬೈಲಿಗೆ ಕೊಟ್ಟರೆ ಅಕ್ಷರಗಳ ಸಾಲೊಂದು ತೆರೆಯ ಮೇಲೆ ಬರುತ್ತಿತ್ತು, ಬೇಕಾದುದನ್ನು ಗುರುತಿಸಿ ಮುಟ್ಟಿದರೆ ಕೆಲಸ ಮುಗಿಯುತ್ತಿತ್ತು. ಅಂಗಡಿಯ ಫಲಕ, ಮೆಟ್ರೊ ನಿಲ್ದಾಣದ ಹೆಸರು, ಹೋಟೆಲಿನ ತಿಂಡಿಪಟ್ಟಿ ಎಲ್ಲವೂ ಅಚ್ಚಿನಲ್ಲೇ ಇರುವುದರಿಂದ ದಿನಗಳು ಹೇಗೋ ಸಾಗುತ್ತಿದ್ದವು. ಗುಟ್ಟು ರಟ್ಟಾದದ್ದು ದೋಷದ ಚೀಟಿಗಳಿಂದ.

ನಮ್ಮಲ್ಲಿ ಪಾಳಿ ಮುಗಿಯುವ ಹೊತ್ತಿಗೆ ತಿರಸ್ಕೃತ ಬಿಡಿಭಾಗಗಳ ಡಬ್ಬಿಯ ಮೇಲೆ ಕೆಲಸಗಾರರು ಕೈಬರಹದ ಚೀಟಿಯೊಂದನ್ನು ಅಂಟಿಸುತ್ತಾರೆ. ಅದರ ತಲೆಯಲ್ಲಿ ಇರುವುದು ‘ಬು ಲ್ಯಾಂಗ್ ಪಿನ್’ ಎಂಬ ಮೂರು ಅಕ್ಷರ, ಅಂದರೆ ದೋಷವಿರುವ ಮಾಲು. ಗಣಕಯಂತ್ರದ ವರದಿಗಳಲ್ಲಿ ನಾನು ದಿನಕ್ಕೆ ಹತ್ತಾರು ಸಲ ಓದುತ್ತಿದ್ದ ಪದ. ಅದೇ ಪದ ಚೀಟಿಯ ಮೇಲೆ ಬಂದಾಗ ನನಗೆ ಗುರುತೇ ಸಿಗಲಿಲ್ಲ. ‘ಪಿನ್’ ಎಂಬ ಅಕ್ಷರದಲ್ಲಿ ಮೇಲೊಂದು, ಕೆಳಗೆರಡು ಚೌಕಗಳಿವೆ. ಕೆಲಸಗಾರನ ಅವಸರದ ಕೈಯಲ್ಲಿ ಆ ಮೂರು ಚೌಕಗಳು ಬಾಲವಿರುವ ಮೂರು ಸೊನ್ನೆಗಳಂತೆ ಒಂದಕ್ಕೊಂದು ತೊಡರಿಕೊಂಡಿದ್ದವು. ಪಕ್ಕದ ಮೇಜಿನ ಸಹೋದ್ಯೋಗಿಯನ್ನು ಕೇಳಿದೆ. ಆಕೆ ತನ್ನ ಎಡ ಅಂಗೈಯನ್ನು ಚಾಚಿ, ಬಲಗೈಯ ತೋರುಬೆರಳಿನಿಂದ ಅದರ ಮೇಲೆ ಅಕ್ಷರವನ್ನು ಬರೆದು ತೋರಿಸಿ, ಈಗ ತಿಳಿಯಿತಲ್ಲ ಎಂಬಂತೆ ನನ್ನ ಮುಖ ನೋಡಿದಳು. ಇಲ್ಲಿ ಒಂದೇ ಉಚ್ಚಾರಣೆಗೆ ಹಲವು ಅಕ್ಷರಗಳಿರುವುದರಿಂದ ಯಾವ ಅಕ್ಷರ ಎಂದು ಹೇಳಲು ಜನ ಅಂಗೈ ಮೇಲೆಯೋ ಗಾಳಿಯಲ್ಲೋ ಹೀಗೆ ಬರೆದು ತೋರಿಸುವುದು ತೀರ ಸಾಮಾನ್ಯ. ಬೆರಳು ಯಾವ ಗುರುತನ್ನೂ ಉಳಿಸದ ಆ ಬರಹವನ್ನು ಓದಬೇಕಾದರೆ ಯಾವ ಗೆರೆಯ ನಂತರ ಯಾವ ಗೆರೆ ಬರುತ್ತದೆ ಎಂಬುದು ಓದುವವನಿಗೂ ಮೊದಲೇ ಗೊತ್ತಿರಬೇಕು. ನನಗೆ ಅಕ್ಷರ ಎಂದರೆ ಒಂದು ಚಿತ್ರವಾಗಿತ್ತು. ಅವಳಿಗೆ ಅದು ಒಂದು ಚಲನೆ. ಗೆರೆಗಳ ಈ ಸರದಿಗೆ ಚೀನೀ ಭಾಷೆಯಲ್ಲಿ ‘ಬಿಶುನ್’ ಎಂಬ ಹೆಸರಿದೆ ಎಂದು ಅಂದೇ ತಿಳಿಯಿತು, ಕಲಿಯಬೇಕೆಂಬ ನಿರ್ಧಾರವೂ ಅಂದೇ ಆಯಿತು.

ನನ್ನ ಮೊದಲ ತಪ್ಪು ಅವಸರದ್ದು. ಅಂದು ಸಂಜೆಯೇ ಮೊಬೈಲಿಗೆ ಒಂದು ಉಚಿತ ಆ್ಯಪ್ ಹಾಕಿಕೊಂಡೆ. ಗೆರೆಗಳು ಒಂದೊಂದಾಗಿ ಮೂಡುವುದನ್ನು ಅದು ಚೆನ್ನಾಗಿಯೇ ತೋರಿಸುತ್ತಿತ್ತು, ನಾನು ಬೆರಳಿನಿಂದ ಅನುಸರಿಸುತ್ತಿದ್ದೆ. ಎರಡು ತಿಂಗಳಲ್ಲಿ 120 ಅಕ್ಷರಗಳಾದವು. ಅದು ಜಪಾನಿ ಭಾಷೆ ಕಲಿಯುವವರಿಗಾಗಿ ಮಾಡಿದ ಆ್ಯಪ್ ಎಂಬುದನ್ನು ನಾನು ಗಮನಿಸಿರಲಿಲ್ಲ. ಗಮನಿಸಿದ್ದರೂ ಅಕ್ಷರ ಒಂದೇ ಆದ ಮೇಲೆ ಬರೆಯುವ ಕ್ರಮದಲ್ಲಿ ಏನು ವ್ಯತ್ಯಾಸವಿದ್ದೀತು ಎಂದುಕೊಳ್ಳುತ್ತಿದ್ದೆನೇನೋ. ಆ ಎರಡು ತಿಂಗಳ ಬೆಲೆಯನ್ನು ನಾನು ಮುಂದೆ ತೆತ್ತೆ. ನಿಮ್ಮ ಗುರಿ ಚೀನಾದ ಮುಖ್ಯ ಭೂಭಾಗದ ಬರಹವಾಗಿದ್ದರೆ, ಪುಸ್ತಕವಾಗಲಿ ಆ್ಯಪ್ ಆಗಲಿ ಯಾವ ದೇಶದ ಕ್ರಮವನ್ನು ಅನುಸರಿಸುತ್ತದೆ ಎಂಬುದನ್ನು ಮೊದಲ ದಿನವೇ ನೋಡಿಕೊಳ್ಳಿ. ಜಪಾನಿನ ಶಿಕ್ಷಣ ಸಚಿವಾಲಯ 1958 ರಲ್ಲಿಯೇ ತನ್ನ ಶಾಲೆಗಳಿಗಾಗಿ ಗೆರೆಕ್ರಮದ ಕೈಪಿಡಿಯನ್ನು ಹೊರತಂದಿತು. ಚೀನಾ 1997 ರಲ್ಲಿ 7,000 ಅಕ್ಷರಗಳಿಗೆ ತನ್ನದೇ ಮಾನದಂಡವನ್ನು ಪ್ರಕಟಿಸಿತು, ಈಗ 2021 ರ ಮಾರ್ಚ್‌ನಿಂದ 8,105 ಅಕ್ಷರಗಳ ಪರಿಷ್ಕೃತ ಮಾನದಂಡ ಜಾರಿಯಲ್ಲಿದೆ. ತೈವಾನಿನ ಕೈಪಿಡಿ ಮತ್ತೆ ಬೇರೆ. ಬಹುಪಾಲು ಅಕ್ಷರಗಳಲ್ಲಿ ಇವು ಒಪ್ಪುತ್ತವೆ. ಒಪ್ಪದ ಕೆಲವು ಅಕ್ಷರಗಳು ಮಾತ್ರ ದಿನನಿತ್ಯ ಬಳಸುವಂಥವೇ ಆಗಿರುವುದು ನಮ್ಮ ಕರ್ಮ.

ಶಿಕ್ಷಕಿಯನ್ನು ಹುಡುಕಲು ಮೂರು ವಾರ ಹಿಡಿಯಿತು. ಭಾಷಾಶಾಲೆಗಳಲ್ಲಿ ವಿಚಾರಿಸಿದರೆ ಮಾತನಾಡುವ ತರಗತಿಗಳು ಬೇಕಾದಷ್ಟಿದ್ದವು. ಕೈಬರಹ ಕಲಿಸಿ ಎಂದಾಗ ಎರಡು ಕಡೆ ನಕ್ಕರು, ಒಂದು ಕಡೆ ಮಕ್ಕಳ ತರಗತಿಗೆ ಸೇರಬಹುದು ಎಂದರು. ಕೊನೆಗೆ ನಾನಿರುವ ವಸತಿ ಸಮುಚ್ಚಯದಲ್ಲೇ ವಾಸವಾಗಿದ್ದ, ಪ್ರಾಥಮಿಕ ಶಾಲೆಯಿಂದ ನಿವೃತ್ತರಾದ ಒಬ್ಬರು ಒಪ್ಪಿಕೊಂಡರು. ವಾರಕ್ಕೆ ಎರಡು ಸಂಜೆ, ಒಂದೂವರೆ ಗಂಟೆಯ ಪಾಠಕ್ಕೆ 150 ಯುವಾನ್. ಅವರನ್ನು ಎಲ್ಲರಂತೆ ನಾನೂ ‘ಲಾವ್‌ಶಿ’ ಎಂದೇ ಕರೆಯುತ್ತೇನೆ. ಗುರುಗಳಿಗೆ ಇಲ್ಲಿ ಹೇಳುವ ಮಾತು ಅದು. ಮೊದಲ ಪಾಠದಲ್ಲಿ ಅವರು ನನಗೆ ‘ಬಾಯಿ’ ಎಂಬ ಅರ್ಥದ ‘ಕೌ’ ಅಕ್ಷರವನ್ನು ಬರೆಯಲು ಹೇಳಿದರು. ನೋಡಲು ಅದೊಂದು ಸಣ್ಣ ಚೌಕ, ಅಷ್ಟೆ. ನಾನು ಎಡ ಮೂಲೆಯಿಂದ ಹೊರಟು ಪೆನ್ನನ್ನು ಎತ್ತದೆ ಒಂದು ಸುತ್ತು ಬಂದು ನಿಲ್ಲಿಸಿದೆ. ಮೂಲೆಗಳು ಸಹಜವಾಗಿಯೇ ದುಂಡಗಾಗಿದ್ದವು. ಲಾವ್‌ಶಿ ಸ್ವಲ್ಪ ಹೊತ್ತು ಅದನ್ನೇ ನೋಡಿ, ಇದು ಮೊಟ್ಟೆ ಎಂದರು.

ಕನ್ನಡ ಬರೆದು ಬೆಳೆದ ಕೈಯ ಸಮಸ್ಯೆ ಏನೆಂದು ನನಗೆ ಆಗ ಹೊಳೆಯಿತು. ‘ರ’, ‘ಠ’, ‘ಅ’ ಯಾವುದನ್ನೇ ಬರೆಯಲಿ, ನಮ್ಮ ಪೆನ್ನು ಸುತ್ತುವುದನ್ನೇ ಕಲಿತಿದೆ, ಆದಷ್ಟು ಎತ್ತದೆ ಮುಗಿಸುವುದು ನಮಗೆ ಹಿತ. ಚೀನೀ ಬರಹದಲ್ಲಿ ಸುತ್ತೇ ಇಲ್ಲ ಎನ್ನಬಹುದು. ‘ಕೌ’ ಅಕ್ಷರಕ್ಕೆ ಮೂರು ಗೆರೆಗಳು: ಎಡಗಡೆ ಮೇಲಿನಿಂದ ಕೆಳಕ್ಕೆ ಒಂದು, ಮತ್ತೆ ಮೇಲಕ್ಕೆ ಬಂದು, ಎಡದಿಂದ ಬಲಕ್ಕೆ ಹೋಗಿ ಮೂಲೆಯಲ್ಲಿ ಮುರಿದು ಕೆಳಕ್ಕಿಳಿಯುವ ಎರಡನೆಯದು, ಕೊನೆಗೆ ತಳವನ್ನು ಮುಚ್ಚುವ ಮೂರನೆಯದು. ನಾಲ್ಕು ಬದಿಗಳಿಗೆ ಮೂರೇ ಗೆರೆ, ಏಕೆಂದರೆ ಆ ಮೂಲೆಯ ಮುರಿವಿನಲ್ಲಿ ಪೆನ್ನನ್ನು ಎತ್ತುವ ಹಾಗಿಲ್ಲ. ಈ ಲೆಕ್ಕ ತಪ್ಪಿದರೆ ಮುಂದೆ ಎಲ್ಲವೂ ತಪ್ಪುತ್ತದೆ, ಏಕೆಂದರೆ ಗೆರೆಗಳ ಸಂಖ್ಯೆಯನ್ನು ಹಿಡಿದು ಅಕ್ಷರವನ್ನು ಹುಡುಕುವ ಸೂಚಿ ಇಲ್ಲಿನ ನಿಘಂಟುಗಳಲ್ಲಿರುತ್ತದೆ. ಸಮಾರಂಭಗಳ ಪಟ್ಟಿಯಲ್ಲಿ ಗಣ್ಯರ ಹೆಸರುಗಳನ್ನು ಸಹ ಕುಲನಾಮದ ಗೆರೆಸಂಖ್ಯೆಯ ಪ್ರಕಾರ ಜೋಡಿಸುವ ರೂಢಿಯಿದೆ, ನಮ್ಮಲ್ಲಿ ಅಕಾರಾದಿಯಾಗಿ ಜೋಡಿಸುವಂತೆ.

ಆ ‘ಕೌ’ ಆದ ಮೇಲೆ ಎರಡು ವಾರ ಒಂದು ಅಕ್ಷರವನ್ನೂ ಬರೆಯಲು ಬಿಡಲಿಲ್ಲ, ಬರಿಯ ಗೆರೆಗಳು. ಅಡ್ಡಗೆರೆ ‘ಹೆಂಗ್’, ನಿಂತ ಗೆರೆ ‘ಶೂ’, ಎಡಕ್ಕೆ ಬಾಗಿ ಇಳಿಯುವ ‘ಪಿಯೆ’, ಬಲಕ್ಕೆ ಇಳಿದು ಕೊನೆಯಲ್ಲಿ ದಪ್ಪವಾಗಿ ಚಾಚುವ ‘ನಾ’, ಚುಕ್ಕೆಗೆ ‘ದಿಯೆನ್’, ಕೆಳಗಿನಿಂದ ಮೇಲಕ್ಕೆ ಚಿಮ್ಮುವ ‘ಟಿ’, ಮುರಿವಿಗೆ ‘ಝೆ’, ಕೊಕ್ಕೆಗೆ ‘ಗೌ’. ಇವೆಲ್ಲಕ್ಕೂ ದಿಕ್ಕಿದೆ. ಹೆಂಗ್ ಯಾವಾಗಲೂ ಎಡದಿಂದ ಬಲಕ್ಕೆ, ಕೂದಲೆಳೆಯಷ್ಟು ಮೇಲ್ಮುಖವಾಗಿ. ಶೂ ಯಾವಾಗಲೂ ಮೇಲಿನಿಂದ ಕೆಳಕ್ಕೆ. ಕೆಲಸದಿಂದ ದಣಿದು ಬಂದು, ಮೂವತ್ತೆಂಟರ ವಯಸ್ಸಿನಲ್ಲಿ, ಒಂದೂವರೆ ಗಂಟೆ ಅಡ್ಡಗೆರೆ ಎಳೆಯುವಾಗ ಮನಸ್ಸಿನಲ್ಲಿ ಏನೇನು ಸುಳಿಯುತ್ತದೆ ಎಂಬುದನ್ನು ಬರೆಯುವುದು ಬೇಡ. ಬರೆಯಬೇಕಾದದ್ದು ‘ಟಿಯೆನ್ ಝಿ ಗೆ’ ಎಂಬ ಪುಸ್ತಕದಲ್ಲಿ: ಪ್ರತಿ ಅಕ್ಷರಕ್ಕೂ ಒಂದು ಚೌಕ, ಚೌಕದೊಳಗೆ ಅಡ್ಡವಾಗಿ ಒಂದು, ಉದ್ದವಾಗಿ ಒಂದು ಚುಕ್ಕೆಗೆರೆ ಹಾಯ್ದು ನಾಲ್ಕು ಪಾಲು. ‘ಗದ್ದೆ’ ಎಂಬ ಅರ್ಥದ ‘ಟಿಯೆನ್’ ಅಕ್ಷರದ ಆಕಾರವೇ ಹಾಗಿರುವುದರಿಂದ ಆ ಹೆಸರು ಬಂದಿದೆ. ಶಾಲೆಯ ಬಳಿಯ ಯಾವುದೇ ಲೇಖನ ಸಾಮಗ್ರಿಯ ಅಂಗಡಿಯಲ್ಲಿ ಮೂರು ಯುವಾನಿಗೆ ಸಿಗುತ್ತದೆ. ದೊಡ್ಡವರಿಗೆಂದು ಮಾರುವ ದುಬಾರಿ ಪುಸ್ತಕಗಳಿಂದ ಹೆಚ್ಚಿನ ಪ್ರಯೋಜನವೇನೂ ಇಲ್ಲ. ಚೌಕ ದೊಡ್ಡದಿರುವ ಪುಸ್ತಕವನ್ನೇ ತೆಗೆದುಕೊಳ್ಳಿ, ಸಣ್ಣ ಚೌಕದಲ್ಲಿ ತಪ್ಪುಗಳು ಅಡಗಿಕೊಳ್ಳುತ್ತವೆ.

ಮೂರನೆಯ ವಾರ ಲಾವ್‌ಶಿ ಇನ್ನೊಂದು ಪುಸ್ತಕ ಕೊಟ್ಟರು. ಅದರಲ್ಲಿ ತಿಳಿಗೆಂಪು ಬಣ್ಣದಲ್ಲಿ ಅಕ್ಷರಗಳು ಅಚ್ಚಾಗಿದ್ದವು, ನಾನು ಅದರ ಮೇಲೆಯೇ ಕಪ್ಪು ಪೆನ್ನಿನಿಂದ ಬರೆಯಬೇಕಿತ್ತು. ಇದಕ್ಕೆ ‘ಮ್ಯಾವ್ ಹೊಂಗ್’ ಎನ್ನುತ್ತಾರೆ, ಕೆಂಪಿನ ಮೇಲೆ ಬರೆಯುವುದು ಎಂದರ್ಥ. ನಮ್ಮ ಭಾಷೆಯಲ್ಲಿ ಇದಕ್ಕೆ ಎಂದಿನಿಂದಲೂ ಒಂದು ಮಾತಿದೆ: ತಿದ್ದುವುದು. ಭದ್ರಾವತಿಯಲ್ಲಿರುವ ಅಮ್ಮನಿಗೆ ವೀಡಿಯೊ ಕರೆಯಲ್ಲಿ ಪುಸ್ತಕವನ್ನು ತೋರಿಸಿದೆ. “ಸ್ಲೇಟಿನ ಮೇಲೆ ಅ ಆ ತಿದ್ದು ಅಂದ್ರೆ ಬಳಪ ಎಸೆದು ಓಡಿಹೋಗ್ತಿದ್ದೆ, ಈಗ ದುಡ್ಡು ಕೊಟ್ಟು ತಿದ್ತಿದ್ದೀಯಲ್ಲೋ” ಎಂದು ಅವರು ನಕ್ಕರು. ಆದರೆ ಒಂದು ವ್ಯತ್ಯಾಸವನ್ನು ನಾನು ಅಂದೇ ಗಮನಿಸಿದೆ. ಕನ್ನಡದಲ್ಲಿ ನಾನು ‘ಕ’ದ ತಲೆಕಟ್ಟನ್ನು ಕೊನೆಗೆ ಎಳೆಯುತ್ತೇನೆ, ನನ್ನ ಹೆಂಡತಿ ಮೊದಲೇ ಎಳೆದುಬಿಡುತ್ತಾಳೆ, ಈವರೆಗೆ ಯಾರೂ ನಮ್ಮಿಬ್ಬರನ್ನು ತಡೆದು ಕೇಳಿಲ್ಲ. ಇಲ್ಲಿ ಆರು ವರ್ಷದ ಮಗುವಿನ ಅಭ್ಯಾಸದ ಹಾಳೆಯಲ್ಲೂ ಈ ಅಕ್ಷರದ ಮೂರನೆಯ ಗೆರೆ ಯಾವುದು ಎಂಬ ಪ್ರಶ್ನೆ ಇರುತ್ತದೆ.

ನಿಯಮಗಳು ಕೇಳಲು ಸರಳವಾಗಿವೆ. ಮೇಲಿನದು ಮೊದಲು, ಕೆಳಗಿನದು ನಂತರ. ಎಡ ಮೊದಲು, ಬಲ ನಂತರ. ಅಡ್ಡಗೆರೆಯೂ ನಿಂತ ಗೆರೆಯೂ ಕೂಡಿದರೆ ಅಡ್ಡ ಮೊದಲು. ಪಿಯೆ ಮೊದಲು, ನಾ ನಂತರ. ಆವರಣವಿದ್ದರೆ ಹೊರಗಿನದು ಮೊದಲು, ಒಳಗಿನದು ನಂತರ, ಮುಚ್ಚುವ ಗೆರೆ ಎಲ್ಲಕ್ಕಿಂತ ಕೊನೆಗೆ. ಈ ಕೊನೆಯ ನಿಯಮವನ್ನು ಮಕ್ಕಳಿಗೆ ಮನೆಯ ಹೋಲಿಕೆಯಿಂದ ಕಲಿಸುತ್ತಾರೆ: ಮೊದಲು ಒಳಗೆ ಹೋಗು, ಆಮೇಲೆ ಬಾಗಿಲು ಹಾಕು. ‘ದೇಶ’ ಎಂಬ ಅರ್ಥದ ‘ಗ್ವೊ’ ಅಕ್ಷರದಲ್ಲಿ ಎಂಟು ಗೆರೆಗಳಿವೆ. ಹೊರಗೋಡೆಯ ಎರಡು ಗೆರೆಗಳನ್ನು ಹಾಕಿ, ಒಳಗಿನ ಐದನ್ನು ಬರೆದು, ತಳದ ಗೆರೆಯಿಂದ ಬಾಗಿಲು ಹಾಕಬೇಕು. ನಾನು ಬಹಳ ದಿನ ಬಾಗಿಲು ಹಾಕಿಯೇ ಒಳಗೆ ಹೋಗುತ್ತಿದ್ದೆ.

ಕಷ್ಟವಿರುವುದು ನಿಯಮ ಮುಗಿಯುವಲ್ಲಿ. ‘ಸಣ್ಣದು’ ಎಂಬ ‘ಶ್ಯಾವ್’ ಮತ್ತು ‘ನೀರು’ ಎಂಬ ‘ಶ್ವೆ’ ಇವೆರಡರಲ್ಲೂ ನಡುವಿನ ಕಂಬ ಮೊದಲು, ಅಕ್ಕಪಕ್ಕದವು ಆಮೇಲೆ. ‘ಬೆಂಕಿ’ ಎಂಬ ‘ಹ್ವೊ’ ನೋಡಲು ಅವುಗಳ ಸೋದರನಂತಿದೆ, ಆದರೆ ಅದರಲ್ಲಿ ಎರಡು ಬದಿಯ ಚುಕ್ಕೆಯಂಥ ಗೆರೆಗಳು ಮೊದಲು, ನಡುವಿನ ಮನುಷ್ಯಾಕಾರ ಕೊನೆಗೆ. ಚುಕ್ಕೆ ತಲೆಯ ಮೇಲಿದ್ದರೆ ಮೊದಲು, ಬಲಗಡೆ ಮೇಲ್ಮೂಲೆಯಲ್ಲಿದ್ದರೆ ಕೊನೆಗೆ. ಹಾಗಾಗಿ ‘ನಾನು’ ಎಂಬ ‘ವೋ’ ಅಕ್ಷರದ ಏಳು ಗೆರೆಗಳಲ್ಲಿ ಚುಕ್ಕೆಯದು ಏಳನೆಯ ಸ್ಥಾನ. ಎಡದಿಂದ ತಳಕ್ಕೆ ಹಾಯುವ ನಡಿಗೆಯ ಚಿಹ್ನೆಯೊಂದಿದೆ. ಎಡ ಮೊದಲು ಎಂಬ ನಿಯಮವನ್ನು ನಂಬಿದವರು ಅದನ್ನೇ ಮೊದಲು ಬರೆಯುತ್ತಾರೆ, ಆದರೆ ಒಳಗಿನ ಭಾಗವನ್ನು ಮುಗಿಸಿದ ಮೇಲೆಯೇ ಅದನ್ನು ಎಳೆಯಬೇಕು. ‘ವಾಹನ’ ಎಂಬ ಅಕ್ಷರ ಒಂಟಿಯಾಗಿದ್ದರೆ ಕೊನೆಯ ಗೆರೆ ನಿಂತ ಗೆರೆ. ಅದೇ ಇನ್ನೊಂದು ಅಕ್ಷರದ ಎಡಭಾಗವಾಗಿ ಸೇರಿಕೊಂಡರೆ ನಿಂತ ಗೆರೆ ಮೂರನೆಯದಾಗಿ, ಅಡ್ಡಗೆರೆ ಕೊನೆಗೆ ಹೋಗಿ, ಬಲಗಡೆಯವನಿಗೆ ಕೈ ನೀಡುವಂತೆ ಮೇಲಕ್ಕೆ ಚಿಮ್ಮುತ್ತದೆ. ಏಕೆ ಎಂದು ಕೇಳಿದಾಗ ಲಾವ್‌ಶಿ ಆ ಅಕ್ಷರವನ್ನು ವೇಗವಾಗಿ ಬರೆದು ತೋರಿಸಿದರು: ಚಿಮ್ಮಿದ ಗೆರೆ ಮುಗಿಯುವ ಜಾಗದಿಂದ ಬಲಭಾಗದ ಮೊದಲ ಗೆರೆ ಶುರುವಾಗುವ ಜಾಗಕ್ಕೆ ಪೆನ್ನು ಅತಿ ಕಡಿಮೆ ದೂರ ಚಲಿಸುತ್ತದೆ. ಗೆರೆಕ್ರಮ ಎಂಬುದು ಯಾರೋ ಕುಳಿತು ಹೇರಿದ ಶಿಸ್ತಲ್ಲ, ಅವಸರದಲ್ಲಿ ಬರೆಯುವ ಕೈ ಸವೆಸಿದ ಕಾಲುದಾರಿ ಎಂದು ನನಗೆ ಮನವರಿಕೆಯಾದದ್ದು ಆಗ, ಅಂದರೆ ಮೂರನೆಯ ತಿಂಗಳಿನಲ್ಲಿ. ಆ ಒಂದು ವಿವರಣೆ ಮೊದಲ ದಿನವೇ ಸಿಕ್ಕಿದ್ದರೆ ನನ್ನ ಸಿಟ್ಟು ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು.

ಅದೇ ತಿಂಗಳು ಜಪಾನಿ ಆ್ಯಪಿನ ಸಾಲ ವಸೂಲಿಗೆ ಬಂತು. ‘ರಾಜ’ ಎಂಬ ಅರ್ಥದ ‘ವಾಂಗ್’ ಅಕ್ಷರವನ್ನು ನಾನು ಮೊದಲ ಅಡ್ಡಗೆರೆಯ ನಂತರ ನಿಂತ ಗೆರೆ ಎಳೆದು ಬರೆಯುತ್ತಿದ್ದೆ. ಚೀನಾದ ಕ್ರಮದಲ್ಲಿ ಎರಡು ಅಡ್ಡ, ಒಂದು ನಿಂತದ್ದು, ಕೊನೆಗೆ ತಳದ ಅಡ್ಡ. ‘ಗದ್ದೆ’ಯಲ್ಲೂ ಹಾಗೆಯೇ, ಒಳಗಿನ ಅಡ್ಡವೇ ಮೊದಲು. ‘ಹೊರಗೆ ಹೋಗುವುದು’ ಎಂಬ ‘ಛೂ’ ಅಕ್ಷರದಲ್ಲಿ ನಾನು ನಡುವಿನ ಕಂಬದಿಂದ ಆರಂಭಿಸುತ್ತಿದ್ದೆ. ಇಲ್ಲಿ ಮೇಲಿನ ಎಡಭಾಗದ ಮುರಿದ ಗೆರೆಯಿಂದ ಆರಂಭಿಸಿ, ಬಲಗಡೆಯ ಚಿಕ್ಕ ಗೆರೆ ಎಳೆದ ಮೇಲೆ ಕಂಬ. ಹೊಸದನ್ನು ಕಲಿಯುವುದಕ್ಕಿಂತ ಕಲಿತದ್ದನ್ನು ಕೈಯಿಂದ ಬಿಡಿಸುವುದು ಎಷ್ಟೋ ಕಷ್ಟ. ನೆನಪಿಟ್ಟುಕೊಂಡು ನಿಧಾನವಾಗಿ ಬರೆದಾಗ ಸರಿ ಬರುತ್ತಿತ್ತು, ಉಕ್ತಲೇಖನದ ವೇಗದಲ್ಲಿ ಕೈ ಹಳೆಯ ಚಾಳಿಗೆ ಮರಳುತ್ತಿತ್ತು. ಇಪ್ಪತ್ತಮೂರು ಅಕ್ಷರಗಳ ಪಟ್ಟಿ ಮಾಡಿ, ಪ್ರತಿದಿನ ಬೆಳಗ್ಗೆ ಒಂದೊಂದನ್ನೂ ಹತ್ತು ಸಲ ಬರೆದು, ಐದು ವಾರಗಳಲ್ಲಿ ಅದನ್ನು ತೊಳೆದುಕೊಂಡೆ.

ತೊಳೆದುಕೊಂಡ ಮೇಲೆ ಉದ್ಯಾನದ ತಾತ ಸಿಕ್ಕರು. ಚೀನಾದ ಊರುಗಳಲ್ಲಿ ಮುಂಜಾನೆ ವಯಸ್ಸಾದವರು ಉದ್ಯಾನದ ಕಲ್ಲುಹಾಸಿನ ಮೇಲೆ ಸೊಂಟದೆತ್ತರದ ಕುಂಚವನ್ನು ನೀರಿನಲ್ಲಿ ಅದ್ದಿ ಅಕ್ಷರ ಬರೆಯುವುದನ್ನು ನೋಡಬಹುದು. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಸಾಲಿನ ಮೊದಲು ಒಣಗುತ್ತಿರುತ್ತದೆ. ನಮ್ಮ ಕಾಲುವೆಯ ಪಕ್ಕದ ಉದ್ಯಾನದಲ್ಲಿ ಬರೆಯುತ್ತಿದ್ದ ಹಿರಿಯರೊಬ್ಬರನ್ನು ನಾನು ಭಾನುವಾರಗಳಂದು ನಿಂತು ನೋಡುತ್ತಿದ್ದೆ. ಅವರು ‘ಇದೆ’ ಎಂಬ ಅರ್ಥದ ‘ಯೌ’ ಅಕ್ಷರವನ್ನು ಪಿಯೆಯಿಂದ ಆರಂಭಿಸಿ, ಆಮೇಲೆ ಹೆಂಗ್ ಎಳೆದರು. ನನಗೆ ಆಶ್ಚರ್ಯವಾಯಿತು, ನಾನು ಕಷ್ಟಪಟ್ಟು ಬಿಟ್ಟಿದ್ದ ಜಪಾನಿ ಕ್ರಮ ಅದೇ. ಅಡ್ಡಗೆರೆ ಮೊದಲಲ್ಲವೇ ಎಂದು ಮೆಲ್ಲಗೆ ಕೇಳಿದೆ. ಅವರು ತಲೆಯಾಡಿಸಿ, ಶಾಲೆಯಲ್ಲಿ ಹೌದು, ಕುಂಚದಲ್ಲಿ ಹೀಗೆ ಎಂದು ಮತ್ತೊಮ್ಮೆ ಬರೆದು ತೋರಿಸಿದರು. ಓಡುಬರಹದಲ್ಲಿ ಪಿಯೆಯ ತುದಿಯಿಂದ ಕುಂಚ ತಿರುಗಿ ಮೇಲೆದ್ದು ಹೆಂಗ್ ಆಗಿ ಹೊರಳುವುದು ನಿಜಕ್ಕೂ ಸೊಗಸಾಗಿತ್ತು. ಕುಂಚಬರಹದ ಹಳೆಯ ರೂಢಿಯನ್ನು ಜಪಾನಿನ ಶಾಲೆಗಳು ಈ ಅಕ್ಷರದಲ್ಲಿ ಉಳಿಸಿಕೊಂಡಿವೆ, ಚೀನಾದ ಶಾಲೆಗಳು ಅಡ್ಡ ಮೊದಲು ಎಂಬ ಸಾಮಾನ್ಯ ನಿಯಮಕ್ಕೆ ಅದನ್ನು ಒಗ್ಗಿಸಿವೆ. ಲಾವ್‌ಶಿಯ ಮುಂದೆ ಈ ಮಾತೆತ್ತಿದಾಗ ಅವರು, ಕುಂಚ ಹಿಡಿಯುವ ದಿನ ಬಂದಾಗ ನೋಡೋಣ, ಈಗ ಹೆಂಗ್ ಮೊದಲು ಎಂದು ಮುಗಿಸಿದರು. ಕಲಿಯುತ್ತಿರುವವರಿಗೆ ನನ್ನ ಸಲಹೆಯೂ ಅಷ್ಟೇ: ಆರಂಭದಲ್ಲಿ ಒಬ್ಬರ ಮಾತನ್ನು ಮಾತ್ರ ಕೇಳಿ, ಇಬ್ಬರೂ ಸರಿಯಾಗಿರುವ ಸಾಧ್ಯತೆ ಇದ್ದರೂ ಸಹ.

ನಾಲ್ಕನೆಯ ತಿಂಗಳಿಂದ ಆರನೆಯ ತಿಂಗಳವರೆಗಿನ ಕಾಲ ಅತ್ಯಂತ ಬೇಸರದ್ದು. ಬರೆದದ್ದು ನಿಲ್ಲುತ್ತಿರಲಿಲ್ಲ. ಸೋಮವಾರ ಮೂವತ್ತು ಸಲ ಬರೆದ ಅಕ್ಷರ ಗುರುವಾರ ಕೈಗೆ ಬರುತ್ತಿರಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ನೋವು ಕಾಣಿಸಿಕೊಂಡು ಹತ್ತು ದಿನ ಬರೆಯುವುದನ್ನೇ ನಿಲ್ಲಿಸಬೇಕಾಯಿತು; ತಪ್ಪು ನನ್ನದೇ, ಗೆರೆ ನೇರ ಬರಲೆಂದು ಪೆನ್ನನ್ನು ಉಸಿರುಗಟ್ಟುವಂತೆ ಹಿಡಿಯುತ್ತಿದ್ದೆ. ದಪ್ಪ ಹಿಡಿಕೆಯ ಜೆಲ್ ಪೆನ್ನು, ಹಾಳೆಯ ಕೆಳಗೆ ಮೆತ್ತನೆಯ ರಬ್ಬರ್ ಹಲಗೆ, ಇಪ್ಪತ್ತು ನಿಮಿಷಕ್ಕೊಮ್ಮೆ ವಿರಾಮ, ಇಷ್ಟರಿಂದ ಅದು ಸರಿಹೋಯಿತು. ಮೂವತ್ತು ಸಲ ಒಟ್ಟಿಗೆ ಬರೆಯುವುದು ವ್ಯರ್ಥ ಎಂಬುದನ್ನೂ ಆಗಲೇ ಕಂಡುಕೊಂಡೆ. ಮೂರು ಸಲ ನೋಡಿ ಬರೆದು, ಪುಸ್ತಕ ಮುಚ್ಚಿ ಒಂದು ಸಲ, ರಾತ್ರಿ ಮಲಗುವ ಮುನ್ನ ಒಂದು ಸಲ, ಮರುದಿನ ಒಂದು ಸಲ, ವಾರದ ಕೊನೆಗೆ ಒಂದು ಸಲ ಬರೆದರೆ ಹೆಚ್ಚು ಉಳಿಯುತ್ತದೆ. ಬರೆಯುವಾಗ ಗೆರೆಯ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳಬೇಕು: ಹೆಂಗ್, ಶೂ, ಪಿಯೆ, ನಾ. ನಮ್ಮ ಮಗ್ಗಿಯಂತೆ ಅದಕ್ಕೊಂದು ರಾಗ ಬಂದುಬಿಡುತ್ತದೆ, ಮರೆತ ಅಕ್ಷರವನ್ನು ಎಷ್ಟೋ ಸಲ ಆ ರಾಗವೇ ಎಳೆದು ತರುತ್ತದೆ.

ಈ ನಡುವೆ ನನಗೆ ಸಮಾಧಾನ ಕೊಟ್ಟ ಸಂಗತಿಯೊಂದು ನಡೆಯಿತು. ಕಾರ್ಖಾನೆಯ ಊಟದ ಮನೆಯಲ್ಲಿ ಯಾರೋ ‘ತಗ್ಗು’ ಮತ್ತು ‘ಉಬ್ಬು’ ಎಂಬ ಅರ್ಥದ ಎರಡು ಅಕ್ಷರಗಳ ಮಾತೆತ್ತಿದರು. ನಮ್ಮ ವಿಭಾಗದಲ್ಲಿ ಲೋಹದ ಮೇಲ್ಮೈಯ ದೋಷಕ್ಕೆ ದಿನವೂ ಬೇಕಾಗುವ ಪದಗಳವು. ನೋಡಲು ತಗ್ಗಿನ ಮತ್ತು ಉಬ್ಬಿನ ಅಂಚನ್ನೇ ಎಳೆದಂತಿವೆ. ಇವುಗಳಲ್ಲಿ ಎಷ್ಟು ಗೆರೆ, ಯಾವ ಕ್ರಮ ಎಂಬ ಬಗ್ಗೆ ಪದವೀಧರರಾದ ಆರು ಜನ ಚೀನೀಯರಲ್ಲಿ ಮೂರು ಪಕ್ಷಗಳಾದವು, ಊಟ ಆರಿತು. ಎರಡರಲ್ಲೂ ಐದೈದೇ ಗೆರೆ ಎಂದು ಮೊಬೈಲ್ ತೀರ್ಪು ಕೊಟ್ಟಿತು. ಪೆನ್ನು ಎತ್ತಿದಾಗ ಅಕ್ಷರ ಮರೆಯುವುದು ಎಂಬರ್ಥದ ನಾಲ್ಕಕ್ಷರದ ನುಡಿಗಟ್ಟೇ ಇವರಲ್ಲಿದೆ. ಎಲ್ಲರೂ ಪಿನ್‌ಯಿನ್‌ನಲ್ಲಿ ಒತ್ತುವುದಕ್ಕೆ ಒಗ್ಗಿಹೋದ ಮೇಲೆ ಅದು ಮನೆಮನೆಯ ಮಾತಾಗಿದೆ.

ಏಳನೆಯ ತಿಂಗಳ ಒಂದು ರಾತ್ರಿಪಾಳಿಯಲ್ಲಿ ಡಬ್ಬಿಯ ಚೀಟಿಯನ್ನು ನಾನು ಯಾರನ್ನೂ ಕೇಳದೆ ಓದಿದೆ. ಓದಬೇಕು ಎಂದು ಪ್ರಯತ್ನಿಸಿರಲಿಲ್ಲ. ಗೆರೆಗಳು ಎಲ್ಲಿ ಕೂಡಿಕೊಂಡಿವೆಯೋ ಅಲ್ಲಿ ಬರೆದವನ ಪೆನ್ನು ಯಾವ ಕಡೆಯಿಂದ ಯಾವ ಕಡೆಗೆ ಹೋಗಿದೆ ಎಂಬುದು ಬೆರಳಿಗೆ ತಿಳಿದಂತಾಯಿತು. ಬಾಲವಿರುವ ಸೊನ್ನೆಗಳು ಬಿಚ್ಚಿಕೊಂಡು ಮೂರು ಚೌಕಗಳಾದವು. ಎಲ್ಲ ಚೀಟಿಗಳನ್ನೂ ಓದಬಲ್ಲೆ ಎಂದಲ್ಲ, ಇಬ್ಬರು ಕೆಲಸಗಾರರ ಬರಹವನ್ನು ಅವರ ಮೇಲ್ವಿಚಾರಕರೇ ಓದಲಾರರು. ಆದರೆ ಅಂಗೈ ಮೇಲಿನ ಬರಹ ಈಗ ಹತ್ತರಲ್ಲಿ ಆರು ಸಲ ಹಿಡಿಯುತ್ತದೆ, ಮೊಬೈಲಿನ ನಿಘಂಟಿನಲ್ಲಿ ಬೆರಳಿನಿಂದ ಬರೆದು ಅಪರಿಚಿತ ಅಕ್ಷರಗಳನ್ನು ಹುಡುಕುವುದು ಸಲೀಸಾಗಿದೆ. ಮೊದಲೆಲ್ಲ ನಾನು ‘ಕೌ’ ಬರೆದರೆ ಅದು ಸೊನ್ನೆಯನ್ನೇ ತೋರಿಸುತ್ತಿತ್ತು.

ಇಷ್ಟಾದ ಮೇಲೆ ಒಂದು ಪರೀಕ್ಷೆ ಬರೆಯೋಣ ಎನ್ನಿಸಿತು. ವಿದೇಶಿಯರಿಗಾಗಿ ನಡೆಯುವ ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಯಲ್ಲಿ, ನಾನು ಬರೆದ ಆರು ಹಂತಗಳ ಮಾದರಿಯಲ್ಲಿ, ಮೊದಲೆರಡು ಹಂತಗಳಿಗೆ ಬರೆಯುವ ಭಾಗವೇ ಇಲ್ಲ; ಮೂರನೆಯ ಹಂತಕ್ಕೆ ಸುಮಾರು 600 ಪದಗಳು ಬೇಕು, ಬರಹವೂ ಇದೆ. ಇಲ್ಲಿ ಗಮನಿಸಬೇಕಾದದ್ದು: ಗಣಕಯಂತ್ರದ ಮೇಲೂ ಈ ಪರೀಕ್ಷೆ ನಡೆಯುತ್ತದೆ, ಅದರಲ್ಲಿ ಅಕ್ಷರಗಳನ್ನು ಪಿನ್‌ಯಿನ್ ಒತ್ತಿ ಆರಿಸಿದರೆ ಸಾಕು. ಕೈಬರಹವನ್ನೇ ಪರೀಕ್ಷಿಸಿಕೊಳ್ಳಬೇಕೆಂದರೆ ಕಾಗದದ ಪರೀಕ್ಷೆಯನ್ನು ಆರಿಸಬೇಕು, ಅದು ಎಲ್ಲ ಕೇಂದ್ರಗಳಲ್ಲೂ ಎಲ್ಲ ತಿಂಗಳೂ ಇರುವುದಿಲ್ಲ. ನಾನು ಎರಡೂವರೆ ತಿಂಗಳು ಕಾಯಬೇಕಾಯಿತು.

ನೋಂದಣಿಯಲ್ಲಿ ಎದುರಾದ ಅಡ್ಡಿ ನಮ್ಮ ಕಡೆಯವರಿಗೆಲ್ಲ ಎದುರಾಗುವಂಥದು. ನನ್ನ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯಿದೆ, ಊರು ಮತ್ತು ತಂದೆಯ ಹೆಸರು ಸೇರಿ ಎಲ್ಲವೂ ಒಂದೇ ಸಾಲಿನಲ್ಲಿದೆ. ಅರ್ಜಿಯಲ್ಲಿ ಕುಲನಾಮ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ, ಪಾಸ್‌ಪೋರ್ಟಿನ ಹೆಸರಿಗೂ ಪ್ರವೇಶಪತ್ರದ ಹೆಸರಿಗೂ ವ್ಯತ್ಯಾಸವಿದ್ದರೆ ಒಳಗೆ ಬಿಡುವುದಿಲ್ಲ ಎಂಬ ಎಚ್ಚರಿಕೆಯೂ ಅದೇ ಪುಟದಲ್ಲಿತ್ತು. ಕೇಂದ್ರಕ್ಕೆ ಪಾಸ್‌ಪೋರ್ಟಿನ ಪ್ರತಿಯೊಂದಿಗೆ ಮಿಂಚಂಚೆ ಕಳುಹಿಸಿ, ಒಂಬತ್ತು ದಿನ ಕಾದು, ಹೆಸರಿನ ಮೊದಲ ಪದವನ್ನು ಕುಲನಾಮದ ಜಾಗದಲ್ಲಿ ತುಂಬಬಹುದು ಎಂಬ ಲಿಖಿತ ಉತ್ತರ ಪಡೆದುಕೊಂಡೆ. ಆ ಉತ್ತರದ ಪ್ರತಿಯನ್ನು ಪರೀಕ್ಷೆಯ ದಿನ ಜೊತೆಗಿಟ್ಟುಕೊಂಡದ್ದು ಒಳ್ಳೆಯದಾಯಿತು, ಬಾಗಿಲಲ್ಲಿ ಅದನ್ನು ಕೇಳಿಯೇ ಕೇಳಿದರು. ಪಾಸ್‌ಪೋರ್ಟಿನ ಮೂಲಪ್ರತಿ, ಮುದ್ರಿಸಿದ ಪ್ರವೇಶಪತ್ರ, ಎರಡು 2ಬಿ ಪೆನ್ಸಿಲ್, ರಬ್ಬರ್ ಇಷ್ಟು ಬೇಕು. ಶುಲ್ಕ ಕಾಲಕಾಲಕ್ಕೆ ಬದಲಾಗುತ್ತದೆ, ನೋಂದಾಯಿಸುವ ದಿನವೇ ನೋಡಿಕೊಳ್ಳಿ. ನಾನು ಅಷ್ಟು ದಿನ ಜೆಲ್ ಪೆನ್ನಿನಲ್ಲಿ ಬರೆದಿದ್ದವನು, ಪೆನ್ಸಿಲ್ಲಿನಲ್ಲಿ ಬರೆದಾಗ ಕೊಕ್ಕೆಗಳೆಲ್ಲ ಮೊಂಡಾದವು. ಕೊನೆಯ ತಿಂಗಳಾದರೂ ಪೆನ್ಸಿಲ್ಲಿನಲ್ಲಿ ಅಭ್ಯಾಸ ಮಾಡಬೇಕಿತ್ತು.

ಬರಹದ ಭಾಗಕ್ಕೆ ಹದಿನೈದು ನಿಮಿಷ, ಹತ್ತು ಪ್ರಶ್ನೆ. ಮೊದಲ ಐದರಲ್ಲಿ ಚದುರಿದ ಪದಗಳನ್ನು ಜೋಡಿಸಿ ವಾಕ್ಯವಾಗಿ ಬರೆಯಬೇಕು, ಉಳಿದ ಐದರಲ್ಲಿ ವಾಕ್ಯದ ನಡುವಿನ ಖಾಲಿ ಜಾಗದ ಮೇಲೆ ಪಿನ್‌ಯಿನ್ ಕೊಟ್ಟಿರುತ್ತಾರೆ, ಕೆಳಗೆ ಒಂದು ಅಕ್ಷರ ತುಂಬಬೇಕು. ನೆನಪಿನಿಂದ ಬರೆಯಬೇಕಾದದ್ದು ಒಟ್ಟು ಐದೇ ಅಕ್ಷರ. ನಾನು ಒಂದನ್ನು ತಪ್ಪು ಬರೆದೆ, ಒಂದೇ ಉಚ್ಚಾರಣೆಯ ಇನ್ನೊಂದು ಅಕ್ಷರವನ್ನು. ಬರೆದು ಮುಗಿದ ಅಕ್ಷರವನ್ನು ನೋಡುವ ಪರೀಕ್ಷಕರಿಗೆ ಯಾವ ಗೆರೆ ಮೊದಲು ಬಂತು ಎಂಬುದು ಕಾಣುವುದೇ ಇಲ್ಲ. ನಾನು 11 ತಿಂಗಳು ಕಲಿತದ್ದನ್ನು ಆ ಪರೀಕ್ಷೆ ಅಳೆಯುವುದೂ ಇಲ್ಲ. ಹೊರಗೆ ಬಂದ ಮೇಲೆ ಇದು ಹೊಳೆದು ಒಬ್ಬನೇ ನಕ್ಕೆ. ಒಂದು ತಿಂಗಳ ನಂತರ ಫಲಿತಾಂಶ ಬಂತು: 300 ಕ್ಕೆ 231, ತೇರ್ಗಡೆಗೆ 180 ಸಾಕು. ಮೂರು ಭಾಗಗಳಲ್ಲಿ ಕಡಿಮೆ ಅಂಕ ಬಂದದ್ದು ಆಲಿಸುವುದರಲ್ಲಿ.

ಲೆಕ್ಕ ಬೇಕಾದವರಿಗೆ: 82 ಪಾಠಗಳಿಗೆ 12,300 ಯುವಾನ್, 14 ಟಿಯೆನ್ ಝಿ ಗೆ ಪುಸ್ತಕಗಳಿಗೆ 42 ಯುವಾನ್, ತಿದ್ದುವ ಪುಸ್ತಕ, ಪೆನ್ನು, ರಬ್ಬರ್ ಹಲಗೆ ಎಲ್ಲ ಸೇರಿ ಇನ್ನೊಂದು ನೂರು. ಖರ್ಚಿನ ಬಹುಪಾಲು ಶಿಕ್ಷಕಿಯ ಪಾಠಗಳಿಗೇ ಆದದ್ದು. ಮತ್ತೆ ಮೊದಲಿನಿಂದ ಆರಂಭಿಸಿದರೆ ಮೊದಲ ಮೂರು ತಿಂಗಳಿಗೆ ಮಾತ್ರ ಅವರನ್ನು ಇಟ್ಟುಕೊಂಡು, ಆಮೇಲೆ ತಿಂಗಳಿಗೊಮ್ಮೆ ತಪ್ಪು ಹಿಡಿಸಿಕೊಳ್ಳಲು ಹೋಗುತ್ತಿದ್ದೆ. ಆ ಮೊದಲ ಮೂರು ತಿಂಗಳಿಗೆ ಮಾತ್ರ ಪಕ್ಕದಲ್ಲಿ ಕುಳಿತು ಕೈಯನ್ನೇ ನೋಡುವ ಒಬ್ಬ ಮನುಷ್ಯರು ಬೇಕೇ ಬೇಕು, ಏಕೆಂದರೆ ತಪ್ಪು ಕ್ರಮದಲ್ಲಿ ಬರೆದ ಅಕ್ಷರ ಹಾಳೆಯ ಮೇಲೆ ತಪ್ಪಾಗಿ ಕಾಣುವುದಿಲ್ಲ.

‘ಯೌ’ ಅಕ್ಷರದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಪುಸ್ತಕದಲ್ಲಿ ಹೆಂಗ್‌ನಿಂದ ಆರಂಭಿಸುತ್ತೇನೆ. ಭಾನುವಾರ ಉದ್ಯಾನದಲ್ಲಿ ತಾತ ತಮ್ಮ ಕುಂಚವನ್ನು ಕೈಗೆ ಕೊಟ್ಟಾಗ ಪಿಯೆಯಿಂದ ಆರಂಭಿಸುತ್ತೇನೆ. ಲಾವ್‌ಶಿಗೆ ಇದನ್ನು ಇನ್ನೂ ಹೇಳಿಲ್ಲ.